ಟಣ್ಣೆಂದರೆ ಪಾಸು

ಮಾಚೇನಹಳ್ಳಿಯ ಶೆಡ್ಡಿನಲ್ಲಿ ನನಗೆ ಕೊಟ್ಟದ್ದು
ಒಂದು ಸ್ಟೂಲು, ಕಾಲು ಕೇಜಿಯ ಸುತ್ತಿಗೆ,
ಎರಡು ಬಣ್ಣದ ಸೀಮೆಸುಣ್ಣ.
ಕಿವಿ ನನ್ನದೇ.

ಬ್ರೇಕ್ ಡ್ರಮ್ಮುಗಳು ಬರುತ್ತವೆ ಒಂದರ ಹಿಂದೊಂದು,
ಇನ್ನೂ ಮೈ ಬೆಚ್ಚಗೆ, ಸುಟ್ಟ ಮರಳಿನ ವಾಸನೆ ಹೊತ್ತು.
ತಟ್ಟಬೇಕು. ಟಣ್ಣೆಂದರೆ ಬಿಳಿ ಗೀಟು, ಪಾಸು.
ಡಬ್ಬೆಂದರೆ ಕೆಂಪು:
ಒಳಗೆಲ್ಲೋ ಕೂದಲೆಳೆಯ ಬಿರುಕು,
ಮತ್ತೆ ಕುಲುಮೆಗೆ.

"ತೆಂಗಿನಕಾಯಿ ಆರಿಸೋಕೆ ಬರುತ್ತಲ್ಲ ಫಿಲೋಮಿನಾ, ಅಷ್ಟೇ ಇದು"
ಅಂದಿದ್ದರು ಮೊದಲ ದಿನ ಏಳುಮಲೈ ಮೇಸ್ತ್ರಿ,
ಭದ್ರಾವತಿಯ ಕಬ್ಬಿಣದಲ್ಲೇ ತಲೆ ನರೆಸಿಕೊಂಡವರು.
ಅವರಿಗೆ ಎಡಗಿವಿ ಕೇಳದು.
ಬಲಗಿವಿ ಡ್ರಮ್ಮಿಗೆ,
ಎಡಗಿವಿ ಮ್ಯಾನೇಜರಿಗೆ.

ದಿನಕ್ಕೆ ಆರುನೂರು. ಹನ್ನೊಂದು ವರ್ಷ. ಗುಣಿಸಿ ನೋಡಿಲ್ಲ.
ಪೆಟ್ಟಿಗೆಯ ಚೀಟಿ ಓದಿದ್ದೇನೆ: ಹೊಸೂರು, ಪುಣೆ,
ಒಮ್ಮೆ ಯಾವುದೋ ಬಂದರು, ನಾಲಿಗೆಗೆ ಬಾರದ ಹೆಸರು.
ಹೋದವು ಹೋದವೇ,
ತಲುಪಿದೆ ಅಂತ ಒಂದು ಕಾಗದವಿಲ್ಲ.

ನಮ್ಮ ಮನೆಗಿರುವುದು ಒಂದು ಟಿವಿಎಸ್ ಎಕ್ಸೆಲ್ಲು.
ಬೆಳಿಗ್ಗೆ ಇನಾಸಪ್ಪ ಅದರ ಮೇಲೆ ಬನ್ನಿನ ಟ್ರೇ ಕಟ್ಟಿ
ವಿನೋಬನಗರ ಸುತ್ತುತ್ತಾನೆ,
ಭಾನುವಾರ ಬನ್ನಿನ ಜಾಗದಲ್ಲಿ ನಾವು ಮೂವರು.
ಆರ್‌ಸಿ ಕಾರ್ಡಿನಲ್ಲಿ ಅವನ ಹೆಸರು ಮೇಲೆ,
ಫೈನಾನ್ಸಿನವರ ಹೆಸರು ಕೆಳಗೆ.
ಕೆಳಗಿರುವವರದೇ ಗಾಡಿ.

ಒಂದು ಸೆಪ್ಟೆಂಬರು,
ಎಲ್ಲೋ ಯಾರೋ ಲಾರಿ ಕೊಳ್ಳುವುದನ್ನು ಮುಂದಕ್ಕೆ ಹಾಕಿದರು.
ಇಲ್ಲಿ ಮೂರನೇ ಪಾಳಿ ನಿಂತಿತು. ಆಮೇಲೆ ಎರಡನೆಯದು.
ಗೇಟಿನೆದುರಿನ ದುರ್ಗಮ್ಮ
ಪಡ್ಡಿನ ಕಾವಲಿಯಲ್ಲಿ ಐದು ಗುಣಿ ಖಾಲಿ ಬಿಟ್ಟಳು.
ಕಂಪನಿ ಬಸ್ಸಿನಲ್ಲಿ ನಿಲ್ಲುವವರೆಲ್ಲ ಕೂತರು,
ಕೂತವರ ಪಕ್ಕ ಯಾರೂ ಇಲ್ಲ.
ಆಟೋ ಕಾಂಪ್ಲೆಕ್ಸಿನಲ್ಲಿ ಮಾತ್ರ ಕಾಲಿಡಲು ಜಾಗವಿಲ್ಲ:
ಹೊಸದು ಕೊಳ್ಳದವನು ಹಳೆಯದನ್ನು ಬೆಸೆಸಬೇಕಲ್ಲ.
ವೆಲ್ಡಿಂಗ್ ಗಫಾರ್ ಸಾಹೇಬರ ಮಗಳ ಮದುವೆ
ಆ ವರ್ಷವೇ ಆಯಿತು, ಬಿರಿಯಾನಿ ಮೂರು ದೇಗು.
ನಾವೂ ಹೋಗಿದ್ದೆವು.

ನಲವತ್ತು ದಿನ ಮನೆಯಲ್ಲಿದ್ದೆ.
ತೊಳೆದ ಪಾತ್ರೆಯನ್ನೆಲ್ಲ ತಟ್ಟಿ ತಟ್ಟಿ ಇಡುತ್ತಿದ್ದೆ.
ಅತ್ತೆ ಬೈದರು.
ಕುಕ್ಕರು ಫೇಲು.

ಮತ್ತೆ ಕರೆದರು. ಹೋದೆ. ಅದೆಲ್ಲ ಸರಿ.
ಹೇಳಬೇಕಾದ್ದು ನೋಟೀಸು ಅಂಟಿಸಿದ ದಿನದ್ದು.
ಎಲ್ಲರೂ ಬೋರ್ಡಿನ ಕಡೆ ಓಡಿದರು,
ನನ್ನ ಕೈಯಲ್ಲೊಂದು ಡ್ರಮ್ಮು.
ತಟ್ಟಿದೆ. ಕೇಳಿಸಿಕೊಳ್ಳಲಿಲ್ಲ.
ಬಿಳಿ ಗೀಟೆಳೆದು ಎದ್ದೆ.

ಮೊನ್ನೆ ತಂಗಿಯ ಮಗುವಿನ ಜ್ಞಾನಸ್ನಾನ, ಉಡುಪಿಯಲ್ಲಿ.
ಆಗುಂಬೆಯ ತಿರುವುಗಳಲ್ಲಿ ಮಿನಿ ಬಸ್ಸು ಇಳಿಯುತ್ತಿತ್ತು.
ಎಲ್ಲರ ಮುಖ ಕಿಟಕಿಗೆ, ಮಂಜು ಸರಿದರೆ ಸಮುದ್ರ ಕಂಡೀತೆಂದು.
ನಾನು ತಲೆ ತಗ್ಗಿಸಿ
ಕಾಲಡಿಯ ತಗಡಿಗೆ ಕಿವಿಗೊಟ್ಟಿದ್ದೆ.
ಏಳನೇ ತಿರುವು. ಡ್ರೈವರು ಒತ್ತಿದ. ಹಿಡಿಯಿತು.
ಎಂಟು. ಹಿಡಿಯಿತು.
ಹನ್ನೊಂದರಲ್ಲಿ ಏನೋ ಕೀರಲು,
ಮಗ ಅಂದ, ಅದು ನವಿಲಮ್ಮಾ.

ಸೋಮೇಶ್ವರದಲ್ಲಿ ಚಹಕ್ಕೆ ನಿಲ್ಲಿಸಿದರು.
ನಾನು ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು
ಮುಟ್ಟದೆ, ಹತ್ತಿರಕ್ಕೆ ಕೈಯೊಡ್ಡಿದೆ.
ಕಾವು, ಶೆಡ್ಡಿನಲ್ಲಿ ಕೈಗೆ ಬರುವಾಗಿನದೇ,
ಗುರುತು ಸಿಕ್ಕಿದಂತೆ.

"ಏನಕ್ಕಾ, ಏನಾದ್ರೂ ಬಿತ್ತಾ?"
ಡ್ರೈವರು ಚಹದ ಲೋಟ ಹಿಡಿದು ನಿಂತಿದ್ದ,
ಇಪ್ಪತ್ತೈದು ದಾಟದ ಹುಡುಗ.
"ಓಲೆ," ಅಂದೆ. "ಕಿವಿಯದು."
ಲೋಟ ಬಾನೆಟ್ಟಿನ ಮೇಲಿಟ್ಟು
ಮೊಬೈಲಿನ ದೀಪ ಹಚ್ಚಿ
ಅವನೂ ಮಣ್ಣಿನಲ್ಲಿ ಹುಡುಕತೊಡಗಿದ.